ಗರಗಸದ ಹಲ್ಲಿನಂಥ ಬುಡರೇಖೆ: ಒಂದು ರಸ್ತೆ ಏರಿಯ ಮಾದರಿಯ ಪ್ರಕರಣ ಅಧ್ಯಯನ

ನಕ್ಷೆ ಹಿಂದಕ್ಕೆ ಬಂದಿತ್ತು. ಭೂಸ್ವಾಧೀನದ ಕೆಲಸ ನೋಡಿಕೊಳ್ಳುವವರಿಗೆ ನಾವು ಕಳಿಸಿದ್ದು ಏರಿಯ ಬುಡರೇಖೆ. ತುಂಬಿದ ಮಣ್ಣಿನ ಇಳಿಜಾರು ನೆಲವನ್ನು ಮುಟ್ಟುವ ಗೆರೆ ಅದು. ಎಂಜಿನಿಯರುಗಳ ಬಾಯಲ್ಲಿ ಟೋ ಲೈನ್. ಅದರಿಂದ ಒಂದಿಷ್ಟು ಆಚೆ ಗಡಿಕಲ್ಲು ನೆಡಬೇಕು. ನಕ್ಷೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು: "ಸರ್, ಈ ಗೆರೆಯಂತೆ ಕಲ್ಲು ನೆಟ್ಟರೆ ಗಡಿ ಗರಗಸದ ಹಾಗೆ ಆಗುತ್ತದೆ. ದಯವಿಟ್ಟು ಇನ್ನೊಮ್ಮೆ ನೋಡಿ."

ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಸಪಾಟು ಹೊಲದ ನಡುವೆ, ನೆಟ್ಟಗೆ ಹೋಗುವ ರಸ್ತೆಯ ಎರಡೂ ಬದಿಯಲ್ಲಿ, ಬುಡರೇಖೆ ಆರು ಮೀಟರ್ ಒಳಕ್ಕೆ, ಆರು ಮೀಟರ್ ಹೊರಕ್ಕೆ ಕುಣಿಯುತ್ತಿತ್ತು. ಆ ವಾರವೇ ಇನ್ನೊಂದು ದೂರೂ ಬಂದಿತ್ತು. ಏರಿಯ ಕಂಪ್ಯೂಟರ್ ಮಾದರಿಯನ್ನು ಹೊಸದಾಗಿ ಕಟ್ಟಿಸಿದಾಗಲೆಲ್ಲ ಮಣ್ಣಿನ ಲೆಕ್ಕ ಬದಲಾಗುತ್ತಿದೆ, ಯಾವುದನ್ನು ನಂಬಬೇಕು ಎಂದು ಅಂದಾಜು ಪಟ್ಟಿ ಮಾಡುವವರು ಕೇಳಿದ್ದರು. ಎರಡಕ್ಕೂ ಒಂದೇ ಬೇರು ಎಂದು ಆಗ ನನಗೆ ಹೊಳೆಯಲಿಲ್ಲ. ಮಾದರಿ ನಾನು ಕಟ್ಟಿದ್ದಲ್ಲ, ಮಧ್ಯದಲ್ಲಿ ಕೈಗೆ ಬಂದದ್ದು. ಆದರೆ ನಕ್ಷೆಯ ಮೇಲಿನ ಸಹಿ ನನ್ನದು.

ರಸ್ತೆ ದ್ವಿಪಥದ್ದು, ಉದ್ದ 1.8 ಕಿಲೋಮೀಟರ್, ಏರಿಯ ನೆತ್ತಿಯ ಅಗಲ 12 ಮೀಟರ್. ಚೈನೇಜ್, ಅಂದರೆ ರಸ್ತೆಯ ಆರಂಭದಿಂದ ಮೀಟರಿನಲ್ಲಿ ಅಳೆದ ದೂರ, 420ರಿಂದ 560ರವರೆಗೆ ಸಪಾಟು ನೆಲದ ಮೇಲೆ ಸುಮಾರು 3 ಮೀಟರ್ ಎತ್ತರದ ಏರಿ. 690ರಿಂದ 800ರವರೆಗೆ ಗುಡ್ಡದ ಮಗ್ಗುಲು, ನೆಲ ಬಲಕ್ಕೆ ಕಡಿದಾಗಿ ಇಳಿಯುತ್ತದೆ. 900ರಿಂದ ಏರಿ ಮೇಲೇರುತ್ತ ಹೋಗಿ 1100ರಲ್ಲಿ ಹೊಳೆಯ ಸೇತುವೆ. ಅಲ್ಲಿ ಎತ್ತರ 7 ಮೀಟರ್. ಇಳಿಜಾರಿನ ಅನುಪಾತವನ್ನು ಇಲ್ಲಿ ಉದ್ದಕ್ಕೂ ಲಂಬ ಮೊದಲು, ಅಡ್ಡ ಆಮೇಲೆ ಎಂದು ಬರೆದಿದ್ದೇನೆ: 1:2 ಎಂದರೆ ಒಂದು ಮೀಟರ್ ಕೆಳಗಿಳಿಯಲು ಎರಡು ಮೀಟರ್ ಹೊರಗೆ ಹೋಗುವುದು. ಇದನ್ನೇ 2:1 ಎಂದು ಬರೆಯುವವರೂ ಇದ್ದಾರೆ. ಆದ್ದರಿಂದ ನನ್ನ ಮೊದಲ ಅನುಮಾನ ಹೋದದ್ದು ಅಲ್ಲಿಗೇ. ಯಾರೋ 2 ಎಂದು ತುಂಬಬೇಕಾದಲ್ಲಿ 0.5 ತುಂಬಿದ್ದರೆ ಇಳಿಜಾರು ಸುಮಾರು 63 ಡಿಗ್ರಿಯ ಗೋಡೆಯಾಗಿ ನಿಲ್ಲುತ್ತದೆ. ಇಲ್ಲಿ ಹಾಗೆ ಆಗಿರಲಿಲ್ಲ. ಅನುಪಾತಗಳೆಲ್ಲ ಸರಿಯಾಗಿದ್ದವು, ಅದೇ ನನ್ನನ್ನು ಅರ್ಧ ದಿನ ದಾರಿ ತಪ್ಪಿಸಿತು.

ಸಾಫ್ಟ್‌ವೇರ್ ಏರಿಯನ್ನು ಕಟ್ಟುವ ಬಗೆ

ಯಾವ ಸಾಫ್ಟ್‌ವೇರ್ ಆದರೂ ಒಳಗಿನ ತರ್ಕ ಹೆಚ್ಚುಕಡಿಮೆ ಒಂದೇ. ಅಡ್ಡಛೇದದ ಅಚ್ಚನ್ನು, ಅಂದರೆ ರಸ್ತೆಯನ್ನು ಅಡ್ಡಕ್ಕೆ ಸೀಳಿದರೆ ಕಾಣಬೇಕಾದ ಆಕಾರವನ್ನು, ಸಿವಿಲ್ ತ್ರೀಡಿ ಎಂಬ ಸಾಫ್ಟ್‌ವೇರಿನಲ್ಲಿ ಅಸೆಂಬ್ಲಿ ಎಂದರೆ ಓಪನ್‌ರೋಡ್ಸ್‌ನಲ್ಲಿ ಟೆಂಪ್ಲೇಟ್ ಎನ್ನುತ್ತಾರೆ. ಇಳಿಜಾರು ನೆಲ ಮುಟ್ಟುವ ಭಾಗವನ್ನು ಒಂದು ಡೇಲೈಟ್ ಎಂದರೆ ಇನ್ನೊಂದು ಎಂಡ್ ಕಂಡಿಶನ್ ಎನ್ನುತ್ತದೆ. ರಸ್ತೆಯ ನಡುಗೆರೆ, ಉದ್ದಕ್ಕೂ ಅದರ ಏರಿಳಿತ, ಜೊತೆಗೆ ಒಂದು ಅಡ್ಡಛೇದದ ಅಚ್ಚು, ಇವು ಮೂರನ್ನು ಕೊಟ್ಟರೆ ಅದು ಕಾರಿಡಾರ್, ಅಂದರೆ ರಸ್ತೆಯ ಪೂರ್ತಿ ಮೂರು ಆಯಾಮದ ಆಕಾರ, ಕಟ್ಟುತ್ತದೆ. ನಮ್ಮ ಮಾದರಿಯಲ್ಲಿ 20 ಮೀಟರಿಗೊಂದು ಅಡ್ಡಛೇದ ಇತ್ತು. ಪ್ರತಿ ಛೇದದಲ್ಲೂ ಶೋಲ್ಡರಿನ, ಅಂದರೆ ವಾಹನ ಓಡುವ ಪಥದ ಪಕ್ಕದ ಪಟ್ಟಿಯ, ಹೊರ ಅಂಚಿನಿಂದ ಇಳಿಜಾರಿನ ಗೆರೆ ಹೊರಡುತ್ತದೆ, ಸರ್ವೆಯಿಂದ ಮಾಡಿದ ನೆಲದ ಮೇಲ್ಮೈಯನ್ನು ಎಲ್ಲಿ ಮುಟ್ಟುತ್ತದೆಯೋ ಅಲ್ಲಿ ಒಂದು ಬಿಂದು ಇಡುತ್ತದೆ. ಕೊನೆಗೆ ಒಂದೇ ಹೆಸರಿನ ಬಿಂದುಗಳನ್ನೆಲ್ಲ ಉದ್ದಕ್ಕೆ ದಾರ ಕಟ್ಟಿದ ಹಾಗೆ ಜೋಡಿಸುತ್ತದೆ. ಬುಡರೇಖೆ ಎಂದರೆ ಆ ದಾರ.

ಬುಡರೇಖೆಯನ್ನು ಯಾರೂ ಎಳೆದಿರುವುದಿಲ್ಲ, ಅದು ಲೆಕ್ಕದ ಕೊನೆಗೆ ಉಳಿಯುವ ಗೆರೆ. ಪ್ರತಿ ಛೇದವೂ ತನ್ನ ಪಾಡಿಗೆ ತಾನು ನಿರ್ಧಾರ ಮಾಡುತ್ತದೆ. 440ರ ಛೇದಕ್ಕೆ 420ರಲ್ಲಿ ಏನಾಯಿತೆಂದು ತಿಳಿಯದು. ನಡುವಿನ 20 ಮೀಟರಿನಲ್ಲಿ ಏನಿರಬೇಕೆಂದು ಯಾರೂ ಹೇಳಿರುವುದಿಲ್ಲ, ದಾರ ಹೋದ ದಾರಿಯೇ ಏರಿ.

ಹಲ್ಲು ಮೂಡಿದ್ದು

ಅಚ್ಚಿನಲ್ಲಿ ಮೂರು ನಿಯಮಗಳಿದ್ದವು. ಎತ್ತರ 3 ಮೀಟರ್ ದಾಟದಿದ್ದರೆ 1:4 ಇಳಿಜಾರು. 3 ದಾಟಿದರೆ 1:2. 6 ದಾಟಿದರೆ 1:2ರ ಜೊತೆಗೆ, ಅಂಚಿನಿಂದ 6 ಮೀಟರ್ ಕೆಳಗೆ 2 ಮೀಟರ್ ಅಗಲದ ಬರ್ಮ್, ಅಂದರೆ ಇಳಿಜಾರಿನ ನಡುವೆ ಮೆಟ್ಟಿಲಿನಂಥ ಸಪಾಟು ಪಟ್ಟಿ. ಒಂದೊಂದನ್ನೇ ನೋಡಿದರೆ ಯಾವುದೂ ತಪ್ಪಲ್ಲ. ತಗ್ಗು ಏರಿಗೆ 1:4 ಇಡುವುದಕ್ಕೆ ಗಟ್ಟಿ ಕಾರಣವಿದೆ: ರಸ್ತೆ ಬಿಟ್ಟು ಹೊರಳಿದ ವಾಹನ ಅಷ್ಟು ಸೌಮ್ಯ ಇಳಿಜಾರಿನಲ್ಲಿ ಹತೋಟಿಗೆ ಬಂದು ರಸ್ತೆಗೆ ಮರಳಬಹುದು. ಅಮೆರಿಕದ ರಾಜ್ಯಗಳ ಹೆದ್ದಾರಿ ಇಲಾಖೆಗಳ ಒಕ್ಕೂಟವಾದ ಆಶ್ಟೋ ಸಂಸ್ಥೆಯ ರಸ್ತೆಬದಿ ವಿನ್ಯಾಸ ಕೈಪಿಡಿ 1:4 ಅಥವಾ ಅದಕ್ಕಿಂತ ಸೌಮ್ಯವಾದದ್ದನ್ನು ಮರಳಿ ಬರಬಹುದಾದ ಇಳಿಜಾರು ಎಂದೂ, 1:3ಕ್ಕಿಂತ ಕಡಿದಾದದ್ದನ್ನು ಅಪಾಯದ ಇಳಿಜಾರು ಎಂದೂ ವಿಂಗಡಿಸುತ್ತದೆ. ನಡುವಿನದರಲ್ಲಿ ವಾಹನ ಮಗುಚದೆ ಇಳಿದೀತು, ಆದರೆ ಮೇಲಕ್ಕೆ ಬಾರದು. ಎತ್ತರದ ಏರಿಗೂ 1:4 ಇಟ್ಟರೆ ಮಣ್ಣು, ಜಾಗ ಎರಡೂ ಮಿತಿಮೀರುತ್ತವೆ. ಆದ್ದರಿಂದ ಅಲ್ಲಿ 1:2, ಮೇಲೆ ತಡೆಬೇಲಿ.

ತೊಡಕು ಇದ್ದದ್ದು 420ರಿಂದ 560ರ ನಡುವೆ ಏರಿಯ ಎತ್ತರ 3 ಮೀಟರಿನ ಆಚೀಚೆ ತೂಗುತ್ತಿದ್ದುದರಲ್ಲಿ. ರಸ್ತೆಯ ಏರಿಳಿತ ನೆಲಕ್ಕೆ ಸಮಾನಾಂತರವಾಗಿಯೇ ಹೋಗುತ್ತಿತ್ತು. 420ರಲ್ಲಿ ಎತ್ತರ 2.94: ನಿಯಮ 1:4, ಬುಡ ಅಂಚಿನಿಂದ 11.76 ಮೀಟರ್ ದೂರ. 440ರಲ್ಲಿ 3.05: ನಿಯಮ 1:2, ಬುಡ 6.10. ಮತ್ತೆ 460ರಲ್ಲಿ 2.97, ಬುಡ 11.88. 480ರಲ್ಲಿ 3.08, ಬುಡ 6.16. ಎತ್ತರ ಹತ್ತು ಸೆಂಟಿಮೀಟರ್ ಏರಿಳಿದರೆ ಬುಡ ಸುಮಾರು ಆರು ಮೀಟರ್ ಜಿಗಿಯುತ್ತದೆ! ಹೊಲದ ಬದುವೊಂದು ಅಡ್ಡ ಬಂದರೂ ಸಾಕು, ಏರಿಯ ಆಕಾರವೇ ಬದಲಾಗುತ್ತದೆ.

ನಮ್ಮ ಜೊತೆಯ ಕಿರಿಯ ಎಂಜಿನಿಯರ್ ಒಬ್ಬರು ಇದನ್ನು ಮೊದಲೇ ಗಮನಿಸಿದ್ದರು, ಪರಿಹಾರವನ್ನೂ ಮಾಡಿದ್ದರು. "ಸರ್, ಛೇದಗಳ ನಡುವಿನ ಅಂತರ ಜಾಸ್ತಿಯಾಗಿದೆ, 5 ಮೀಟರಿಗೆ ಇಳಿಸಿದ್ದೇನೆ, ನಯವಾಗುತ್ತದೆ" ಎಂದರು. ನಯವಾಗಲಿಲ್ಲ. ಮೊದಲು 20 ಮೀಟರಿನಲ್ಲಿ ಓರೆಯಾಗಿ ಹೋಗುತ್ತಿದ್ದ ಗೆರೆ ಈಗ 5 ಮೀಟರಿನಲ್ಲೇ ಜಿಗಿಯತೊಡಗಿತು. ನೆಲದ ಸಣ್ಣಪುಟ್ಟ ಉಬ್ಬುತಗ್ಗುಗಳೂ ಛೇದಕ್ಕೆ ಸಿಕ್ಕಿ ಹಲ್ಲುಗಳ ಸಂಖ್ಯೆಯೂ ಹೆಚ್ಚಿತು. ಅವರ ಯೋಚನೆಯಲ್ಲಿ ತಪ್ಪು ಹುಡುಕುವುದು ಕಷ್ಟ. ತಿರುವಿನಲ್ಲಿ ಗೆರೆ ಮುರಿದು ಕಂಡರೆ ಅಂತರ ಇಳಿಸುವುದೇ ಮದ್ದು, ಎಲ್ಲರೂ ಮೊದಲು ಕಲಿಯುವುದೂ ಅದನ್ನೇ. ಆದರೆ ಇಲ್ಲಿನ ಜಿಗಿತ ಛೇದಗಳ ನಡುವೆ ಇರಲಿಲ್ಲ, ನಿಯಮದ ಒಳಗೇ ಇತ್ತು. ಹತ್ತಿರದಿಂದ ನೋಡಿದಷ್ಟೂ ಅದು ಇನ್ನಷ್ಟು ಚೂಪಾಗಿ ಕಂಡಿತು.

ಮಣ್ಣಿನ ಲೆಕ್ಕದ ದೂರು ಬಿಡಿಸಿಕೊಂಡದ್ದೂ ಇಲ್ಲಿಯೇ. ಸಪಾಟು ನೆಲದಲ್ಲಿ ಇಳಿಜಾರಿನ ಕೆಳಗಿನ ತ್ರಿಕೋನದ ವಿಸ್ತೀರ್ಣ ಎತ್ತರದ ಅರ್ಧವನ್ನು ಬುಡದ ದೂರದಿಂದ ಗುಣಿಸಿದಷ್ಟು. ಎತ್ತರ 3 ಆದಾಗ 1:4ಕ್ಕೆ 18 ಚದರ ಮೀಟರ್, 1:2ಕ್ಕೆ 9. ನೂರು ಮೀಟರ್ ಉದ್ದದಲ್ಲಿ ಎಲ್ಲ ಛೇದಗಳೂ 1:4 ಆದರೆ ಒಂದು ಬದಿಗೆ 1,800 ಘನಮೀಟರ್, ಎಲ್ಲವೂ 1:2 ಆದರೆ 900. ನಮ್ಮದು ಇವೆರಡರ ನಡುವೆ ಓಲಾಡುತ್ತಿತ್ತು. ಅಕ್ಕಪಕ್ಕದ ಎರಡು ಛೇದಗಳ ವಿಸ್ತೀರ್ಣದ ಸರಾಸರಿಯನ್ನು ಅಂತರದಿಂದ ಗುಣಿಸಿ ಘನ ಅಳತೆ ತೆಗೆಯುವ ವಿಧಾನದಲ್ಲಿ, ಛೇದ ಯಾವ ಚೈನೇಜಿನಲ್ಲಿ ಬಿತ್ತು ಎನ್ನುವುದರ ಮೇಲೇ ಉತ್ತರ ನಿಂತಿತ್ತು. ಯಾರೋ ಆರಂಭದ ಚೈನೇಜನ್ನು 10 ಮೀಟರ್ ಸರಿಸಿದ್ದರು, ಇನ್ನಾರೋ ಅಂತರ ಬದಲಿಸಿದ್ದರು. ಪ್ರತಿ ಸಲವೂ ಕೂಡುವ ಕಳೆಯುವ ಕೆಲಸ ಸರಿಯಾಗಿಯೇ ನಡೆದಿತ್ತು. ಪ್ರತಿ ಸಲವೂ ಅದು ಬೇರೆ ಬೇರೆ ಏರಿಯ ಲೆಕ್ಕವಾಗಿತ್ತು.

ಈ 140 ಮೀಟರಿಗೆ ಮದ್ದು ಸುಲಭವಾಗಿತ್ತು. ನಿಯಮ ತೆಗೆದುಹಾಕಿ, ಈ ಚೈನೇಜಿನಿಂದ ಆ ಚೈನೇಜಿನವರೆಗೆ ಎರಡೂ ಬದಿಗೆ 1:4 ಎಂದು ನೇರವಾಗಿ ಬರೆದೆವು. ಪೂರ್ತಿ 1:2 ಇಟ್ಟಿದ್ದರೆ ಬೇಕಾಗುತ್ತಿದ್ದುದಕ್ಕಿಂತ ಒಂದು ಬದಿಗೆ ಸುಮಾರು 1,260 ಘನಮೀಟರ್ ಮಣ್ಣು ಹೆಚ್ಚು. ಬದಲಿಗೆ ಅಲ್ಲಿ ತಡೆಬೇಲಿ ಬೇಡ. ನಾನು ಇದರ ಪರ ನಿಂತೆ, ಯೋಜನೆಯ ಮುಖ್ಯಸ್ಥರು ಒಪ್ಪಿದರು. ಇದು ಸಾಫ್ಟ್‌ವೇರ್ ತೆಗೆದುಕೊಳ್ಳುವ ನಿರ್ಧಾರವಲ್ಲ. ಆದರೆ ನಾವು ತೆಗೆದುಕೊಳ್ಳದೆ ಇದ್ದುದರಿಂದ ಅದು ಮೂವತ್ತು ಸಲ ತೆಗೆದುಕೊಂಡಿತ್ತು, ಪ್ರತಿ ಸಲ ಬೇರೆ ಬೇರೆಯಾಗಿ.

ಮುಂದಿನ ತಿರುವಿನಲ್ಲಿ ಇನ್ನೊಂದು ಸಣ್ಣ ತಪ್ಪು ಸಿಕ್ಕಿತು. ನಿಯಮ ಎತ್ತರವನ್ನು ರಸ್ತೆಯ ನಡುವಿನಲ್ಲಿ ಅಳೆಯುತ್ತಿತ್ತು, ಅಂಚಿನಲ್ಲಿ ಅಲ್ಲ. ತಿರುವಿನಲ್ಲಿ ರಸ್ತೆ ಶೇಕಡ 7ರಷ್ಟು ಓರೆಯಾಗಿದ್ದರೆ 6 ಮೀಟರ್ ಅರ್ಧ ಅಗಲಕ್ಕೆ 42 ಸೆಂಟಿಮೀಟರ್. ನಡುವೆ 2.80 ಎಂದು ಕಂಡದ್ದು ಹೊರ ಅಂಚಿನಲ್ಲಿ 3.22, ಒಳ ಅಂಚಿನಲ್ಲಿ 2.38. ಅಳತೆಯನ್ನು ಅಂಚಿಗೆ ಬದಲಿಸಿದೆವು, ಅಷ್ಟೆ.

ಗೆರೆ ನೇರವಾಗಿದ್ದ ಕಡೆ

ಹಲ್ಲು ಇದ್ದ ಕಡೆ ಎಲ್ಲರ ಕಣ್ಣು ಬಿತ್ತು. ನಿಜವಾದ ಹೊಂಡ ಇದ್ದದ್ದು ನಕ್ಷೆಯಲ್ಲಿ ಎಲ್ಲಕ್ಕಿಂತ ಚೊಕ್ಕಟವಾಗಿ ಕಾಣುತ್ತಿದ್ದ ಜಾಗದಲ್ಲಿ. 680ರಿಂದ 800ರವರೆಗೆ ಬಲಬದಿಯ ಬುಡರೇಖೆ ಅಡಿಕೋಲು ಇಟ್ಟು ಎಳೆದ ಹಾಗೆ ನೇರವಾಗಿತ್ತು. ಗುಡ್ಡದ ಮಗ್ಗುಲಲ್ಲಿ ಬುಡರೇಖೆ ಅಷ್ಟು ನೇರವಾಗಿ ಹೋಗುವುದುಂಟೇ? ಛೇದಗಳನ್ನು ಒಂದೊಂದಾಗಿ ತೆರೆದೆ. ಬಲಕ್ಕೆ ಇಳಿಜಾರೇ ಇರಲಿಲ್ಲ. ರಸ್ತೆಯ ಅಂಚು ಗಾಳಿಯಲ್ಲಿ ನಿಂತಿತ್ತು. ನೆಲ ಸಿಗದ ಕಡೆ ಬಿಂದು ಇಡಲಾಗದೆ ಸಾಫ್ಟ್‌ವೇರ್ ಸುಮ್ಮನಾಗಿತ್ತು. 680ರ ಬಿಂದುವಿನಿಂದ 800ರ ಬಿಂದುವಿಗೆ ದಾರ ಕಟ್ಟಿ ಮುಂದೆ ಹೋಗಿತ್ತು. ನಡುವಿನ ಇಳಿಜಾರಿನ ಮಣ್ಣು ಲೆಕ್ಕಕ್ಕೂ ಬಂದಿರಲಿಲ್ಲ. ದೋಷದ ಪಟ್ಟಿಯಲ್ಲಿ ಎಚ್ಚರಿಕೆಯ ಸಾಲುಗಳಿದ್ದವು, ಆದರೆ ನೂರಾರು ಸಾಲುಗಳ ನಡುವೆ ಅವನ್ನು ಓದುವವರು ಯಾರು. ನಾನೂ ಓದಿರಲಿಲ್ಲ.

ಇಳಿಜಾರಿಗೆ ನೆಲ ಏಕೆ ಸಿಗಲಿಲ್ಲ ಎನ್ನುವುದಕ್ಕೆ ಎರಡು ಕಾರಣಗಳಿದ್ದವು, ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತಿದ್ದವು. ಸರ್ವೆ ನಡುಗೆರೆಯಿಂದ ಎರಡೂ ಕಡೆ 30 ಮೀಟರ್ ಮಾತ್ರ ಆಗಿತ್ತು. ಅಂಚಿನಿಂದ ಲೆಕ್ಕ ಹಾಕಿದರೆ 24 ಮೀಟರಿನ ಆಚೆ ಕಂಪ್ಯೂಟರಿನ ಮಟ್ಟಿಗೆ ಭೂಮಿಯೇ ಇಲ್ಲ. 700ರ ಹತ್ತಿರ ಅಂಚಿನ ಎತ್ತರ 5 ಮೀಟರ್, ನೆಲ ಬಲಕ್ಕೆ 1:2.5ರಂತೆ ಇಳಿಯುತ್ತದೆ. ಇಳಿಜಾರು ಮೀಟರಿಗೆ 50 ಸೆಂಟಿಮೀಟರ್ ಇಳಿದರೆ ನೆಲವೂ ಅದರ ಜೊತೆಜೊತೆಗೆ 40 ಸೆಂಟಿಮೀಟರ್ ಇಳಿಯುತ್ತದೆ; ಒಂದು ಮೀಟರ್ ಹೋದರೆ ಇವೆರಡರ ಅಂತರ ಕಡಿಮೆಯಾಗುವುದು ಬರೀ 10 ಸೆಂಟಿಮೀಟರ್. 5 ಮೀಟರ್ ಎತ್ತರವನ್ನು ತೀರಿಸಲು 50 ಮೀಟರ್ ಬೇಕು. ಸರ್ವೆ ಅಲ್ಲಿಗೆ ತಲುಪಿರಲಿಲ್ಲ.

"ಸರ್ವೆಯನ್ನು ಇನ್ನೊಂದು 40 ಮೀಟರ್ ಹೊರಕ್ಕೆ ಮಾಡಿಸೋಣ" ಎಂಬ ಸಲಹೆ ಸಭೆಯಲ್ಲಿ ಬಂತು. ಹಾಗೆ ಮಾಡಿದ್ದರೆ 700ರಿಂದ 745ರವರೆಗೆ ಬುಡ ಸಿಗುತ್ತಿತ್ತು, ನಾವೂ ನಿಟ್ಟುಸಿರು ಬಿಡುತ್ತಿದ್ದೆವು. ಆದರೆ ಎರಡನೆಯ ಕಾರಣ ಹಾಗೇ ಉಳಿಯುತ್ತಿತ್ತು: 750ರಿಂದ 790ರವರೆಗೆ ನೆಲದ ಇಳುಕಲು 1:1.9. ಅದು ನಮ್ಮ ಇಳಿಜಾರಿಗಿಂತ ಕಡಿದು. ಅಲ್ಲಿ ಸರ್ವೆಯನ್ನು ಎಷ್ಟು ದೂರ ಎಳೆದರೂ ಆ ಎರಡು ಗೆರೆಗಳು ಕೂಡುವುದಿಲ್ಲ, ಹೋದಷ್ಟೂ ದೂರವಾಗುತ್ತವೆ. ಬುಡ ಸಿಗುವ ಕಡೆಯಲ್ಲೂ ಅದನ್ನು ಏರಿ ಎಂದು ಕರೆಯಲು ನನಗೆ ಮನಸ್ಸಿಲ್ಲ: 50 ಮೀಟರ್ ಉದ್ದಕ್ಕೆ ಗುಡ್ಡದ ಮೈಗೆ ಅಂಟಿಸಿದ ಮಣ್ಣಿನ ಸಿಪ್ಪೆ ಅದು. ಒಂದು ಛೇದದಲ್ಲಿ 125 ಚದರ ಮೀಟರ್. ಸಪಾಟು ನೆಲದಲ್ಲಿ ಇದೇ ಎತ್ತರಕ್ಕೆ 25 ಸಾಕು. ಅಷ್ಟು ತೆಳುವಾದ ಮಣ್ಣನ್ನು ರೋಲರ್ ಹಾಯಿಸಿ ಬಿಗಿ ಮಾಡುವುದೂ ಆಗದು, ಹಳೆಯ ನೆಲದ ಮೇಲಿಂದ ಅದು ಜಾರದಂತೆ ಉದ್ದಕ್ಕೂ ಮೆಟ್ಟಿಲು ಕಡಿಯಬೇಕು.

ರಸ್ತೆಯನ್ನೇ ಗುಡ್ಡದ ಕಡೆಗೆ 4 ಮೀಟರ್ ಸರಿಸಿದೆವು. 1:2.5 ನೆಲದಲ್ಲಿ 4 ಮೀಟರ್ ಎಡಕ್ಕೆ ಹೋದರೆ ನೆಲ 1.6 ಮೀಟರ್ ಮೇಲೆ ಸಿಗುತ್ತದೆ. ಬಲ ಅಂಚಿನ ಎತ್ತರ 5ರಿಂದ 3.4ಕ್ಕೆ ಇಳಿಯಿತು. ಆದರೂ ಬುಡ 34 ಮೀಟರ್ ದೂರ. ಆದ್ದರಿಂದ ಅಂಚಿನಿಂದ 6 ಮೀಟರ್ ಹೊರಗೆ ಒಂದು ತಡೆಗೋಡೆ ಇಟ್ಟೆವು. ಅಷ್ಟರಲ್ಲಿ ಇಳಿಜಾರು 3 ಮೀಟರ್ ಇಳಿದಿರುತ್ತದೆ, ನೆಲ 2.4, ಗೋಡೆಯ ಎತ್ತರ 2.8 ಮೀಟರ್. ಕಡಿದಾದ ಭಾಗದಲ್ಲಿ ಅದು 3.3ರ ಸುಮಾರಿಗೆ ಹೋಗುತ್ತದೆ. ಛೇದದ ಮಣ್ಣು 125ರಿಂದ 18.6 ಚದರ ಮೀಟರಿಗೆ ಬಂತು. ಇದಕ್ಕೆ ತೆತ್ತ ಬೆಲೆ ಎಡಬದಿಯಲ್ಲಿ: ಮೊದಲು ನೆಲದ ಮಟ್ಟದಲ್ಲೇ ಇದ್ದ ಎಡ ಅಂಚು ಈಗ 1.4 ಮೀಟರ್ ಆಳದ ಕಟಿಂಗಿಗೆ, ಅಂದರೆ ಗುಡ್ಡ ಕಡಿದ ತಗ್ಗಿಗೆ, ಹೋಯಿತು, ಕಡಿದಾದ ಭಾಗದಲ್ಲಿ ಇನ್ನೂ ಆಳಕ್ಕೆ. ಅಲ್ಲಿ ಚರಂಡಿ ಸೇರಿಸಬೇಕಾಯಿತು.

ಗೋಡೆಯನ್ನು ಮಾದರಿಗೆ ಸೇರಿಸುವಾಗ ಹಳೆಯ ತಪ್ಪನ್ನೇ ಮತ್ತೆ ಮಾಡುವವರಿದ್ದೆವು. ಬುಡ ಇಷ್ಟು ದೂರದೊಳಗೆ ಸಿಗದಿದ್ದರೆ ಗೋಡೆ ಹಾಕು ಎಂಬ ನಿಯಮ ಬರೆದರೆ ಕೆಲಸ ಸಲೀಸು. ಆದರೆ ಒಂದು ಛೇದದಲ್ಲಿ ಗೋಡೆ, ಮುಂದಿನದರಲ್ಲಿ ಇಲ್ಲ, ಅದರ ಮುಂದಿನದರಲ್ಲಿ ಮತ್ತೆ ಗೋಡೆ ಎಂದಾಗುತ್ತದೆ. 5 ಮೀಟರ್ ಉದ್ದದ ಒಂಟಿ ಗೋಡೆಯನ್ನು ಯಾರು ಕಟ್ಟುತ್ತಾರೆ? ಗೋಡೆಯ ಆರಂಭ, ಅಂತ್ಯ ಎರಡನ್ನೂ ಚೈನೇಜ್ ಕೊಟ್ಟು ನಾವೇ ನಿಗದಿ ಮಾಡಿದೆವು. ನಿಯಮಕ್ಕೆ ಬೇರೆ ಕೆಲಸ ಕೊಟ್ಟೆವು: ಅದು ಏನನ್ನೂ ಕಟ್ಟುವುದು ಬೇಡ, ಬುಡ 20 ಮೀಟರ್ ದಾಟಿದ ಛೇದಗಳನ್ನು ಕೆಂಪು ಬಣ್ಣದಲ್ಲಿ ತೋರಿಸಿದರೆ ಸಾಕು.

ಸೇತುವೆಯ ಕಡೆಗೆ

900ರಿಂದ 1050ರವರೆಗೆ ಎತ್ತರ 3ರಿಂದ 6 ಮೀಟರಿಗೆ ಸಮನಾಗಿ ಏರುತ್ತದೆ. ಇಲ್ಲಿ ನಿಯಮ ಒಂದೇ ಸಲ ಹೊರಳುತ್ತದೆ, ಹಲ್ಲು ಒಂದೇ. ಆದರೂ 12 ಮೀಟರಿನಲ್ಲಿದ್ದ ಬುಡ ಇದ್ದಕ್ಕಿದ್ದಂತೆ 6ಕ್ಕೆ ಬರುವುದನ್ನು ಹಾಗೆಯೇ ಬಿಡುವಂತಿಲ್ಲ. ಎರಡು ದಾರಿಗಳಿದ್ದವು.

ಒಂದು, ಬುಡವನ್ನು ಅಂಚಿನಿಂದ 12 ಮೀಟರಿನಲ್ಲಿ ಕಟ್ಟಿಹಾಕಿ ಇಳಿಜಾರನ್ನು ಹರಿಯಬಿಡುವುದು. ಎತ್ತರ 3 ಇದ್ದಾಗ ತಾನಾಗಿಯೇ 1:4, 4ಕ್ಕೆ 1:3, 5ಕ್ಕೆ 1:2.4, 6ಕ್ಕೆ 1:2. ಬುಡರೇಖೆ ರಸ್ತೆಗೆ ಸಮಾನಾಂತರವಾಗಿ ನೇರ. ನನಗೆ ಈ ಪರಿಹಾರದ ಮೇಲೆ ಮೋಹ ಹುಟ್ಟಿತ್ತು, ಲೆಕ್ಕ ಹಾಕುವವರೆಗೆ. 1:2ಕ್ಕೆ ಹೋಲಿಸಿದರೆ ಪ್ರತಿ ಛೇದದಲ್ಲಿ ಸರಾಸರಿ 6 ಚದರ ಮೀಟರ್ ಹೆಚ್ಚು, 150 ಮೀಟರಿಗೆ ಒಂದು ಬದಿಗೆ 900 ಘನಮೀಟರ್. ಅಷ್ಟು ಮಣ್ಣು ಹಾಕಿದರೂ 4 ಮೀಟರ್ ಎತ್ತರ ದಾಟಿದ ಮೇಲೆ ಇಳಿಜಾರು 1:3ಕ್ಕಿಂತ ಕಡಿದಾಗಿ, ತಡೆಬೇಲಿ ಹೇಗೂ ಬೇಕೇ ಬೇಕು.

ಇನ್ನೊಂದು, ಬದಲಾವಣೆಯನ್ನು ಉದ್ದಕ್ಕೆ ಹರಡುವುದು. 900ರಲ್ಲಿ 1:4, 940ರಲ್ಲಿ 1:2, ನಡುವೆ ಅನುಪಾತ ಸಮನಾಗಿ ಇಳಿಯುತ್ತದೆ. ಬುಡ 12 ಮೀಟರಿನಿಂದ 11.2, 10.2, 9.0, 7.6 ಎಂದು ಒಳಕ್ಕೆ ಬಂದು, ಆಮೇಲೆ ಎತ್ತರದ ಜೊತೆಗೆ ಮತ್ತೆ ಹೊರಕ್ಕೆ ಹೋಗುತ್ತದೆ. ನಕ್ಷೆಯಲ್ಲಿ ಸೊಂಟದ ಹಾಗೆ ಒಂದು ಬಳುಕು ಕಾಣುತ್ತದೆ, ಆದರೆ ಹೆಚ್ಚುವರಿ ಮಣ್ಣು ಒಂದು ಬದಿಗೆ ಸುಮಾರು 210 ಘನಮೀಟರ್ ಮಾತ್ರ. ಇದನ್ನೇ ಆರಿಸಿದೆವು. 920ರಲ್ಲಿ ಇಳಿಜಾರು 1:3 ಆಗುವುದರಿಂದ ತಡೆಬೇಲಿ ಅದಕ್ಕಿಂತ ಮೊದಲೇ ಶುರುವಾಗುತ್ತದೆ.

ಬರ್ಮಿನ ಕಥೆ ನಗು ತರಿಸುವಂಥದ್ದು. ಎತ್ತರ 6.10 ಆದ ಕಡೆ ಅಚ್ಚು 6 ಮೀಟರ್ ಇಳಿದು, 2 ಮೀಟರ್ ಅಗಲದ ಬರ್ಮ್ ಹಾಕಿ, ಉಳಿದ 10 ಸೆಂಟಿಮೀಟರಿಗೆ ಒಂದು ಪುಟ್ಟ ಇಳಿಜಾರು ಕಟ್ಟಿತ್ತು. ಕಾಲುಮಣೆ ಇಟ್ಟ ಹಾಗೆ. ಈ ಬರ್ಮ್ ಏಕೆ ಬೇಕು ಎಂದು ಕೇಳುತ್ತ ಹೋದಾಗ ಸಿಕ್ಕ ಉತ್ತರ, ಹಿಂದಿನ ಯೋಜನೆಯ ಅಚ್ಚಿನಲ್ಲಿ ಅದು ಇತ್ತು ಎನ್ನುವುದು. ಮಣ್ಣಿನ ಪರೀಕ್ಷೆ ನೋಡಿಕೊಳ್ಳುವ ಎಂಜಿನಿಯರ್, ಬಿಷಪ್ ಎಂಬ ತಜ್ಞರು 1955ರಲ್ಲಿ ಕೊಟ್ಟ ಸರಳ ವಿಧಾನದಿಂದ ಜಾರುವೃತ್ತಗಳನ್ನು, ಅಂದರೆ ಏರಿಯ ಮಣ್ಣು ಜಾರಬಹುದಾದ ಕಮಾನಿನಂಥ ಗೆರೆಗಳನ್ನು, ಪರಿಶೀಲಿಸಿ, ಈ ಮಣ್ಣಿಗೆ ಈ ಬುನಾದಿಯ ಮೇಲೆ 7 ಮೀಟರಿನವರೆಗೆ ಬರ್ಮ್ ಬೇಡ ಎಂದರು. ತೆಗೆದೆವು.

ಅದೇ ಸಭೆಯಲ್ಲಿ, ಮಣ್ಣು ಉಳಿಸಲು 1:1.5 ಇಡಬಹುದಲ್ಲ ಎಂಬ ಮಾತೂ ಬಂತು. ಅದೇ ಮಣ್ಣಿನ ಎಂಜಿನಿಯರ್ ಹಲಗೆಯ ಮೇಲೆ ಎರಡೇ ಸಾಲು ಬರೆದರು. ಅಂಟುಗುಣವಿಲ್ಲದ ಒಣ ಮಣ್ಣಿನ ಇಳಿಜಾರು ಮೇಲ್ಪದರದಲ್ಲಿ ಜಾರದಂತೆ ನಿಲ್ಲುವ ಭದ್ರತೆ ಎಂದರೆ ಮಣ್ಣಿನ ಘರ್ಷಣಾ ಕೋನದ (ಕಣಗಳು ಒಂದಕ್ಕೊಂದು ಉಜ್ಜಿ ಹಿಡಿದು ನಿಲ್ಲುವ ಬಲದ ಅಳತೆ) ಟ್ಯಾನ್ ಅನ್ನು ಇಳಿಜಾರಿನ ಕೋನದ ಟ್ಯಾನ್‌ನಿಂದ ಭಾಗಿಸಿದಷ್ಟು. ಘರ್ಷಣಾ ಕೋನ 30 ಡಿಗ್ರಿ ಇದ್ದರೆ 1:2ಕ್ಕೆ 1.15, 1:1.5ಕ್ಕೆ 0.87. ಒಂದಕ್ಕಿಂತ ಕಡಿಮೆ ಎಂದರೆ ಅದು ನಿಲ್ಲುವುದಿಲ್ಲ. ಸಾಫ್ಟ್‌ವೇರಿಗೆ 1:1.5 ಕೊಟ್ಟರೂ 1:1 ಕೊಟ್ಟರೂ ಅದು ಒಂದೇ ಉತ್ಸಾಹದಿಂದ ಏರಿ ಕಟ್ಟಿ ಬಣ್ಣ ಹಚ್ಚಿ ತೋರಿಸುತ್ತದೆ. ಆಕಾರ ಬಿಟ್ಟು ಬೇರೇನೂ ಅದಕ್ಕೆ ಗೊತ್ತಿಲ್ಲ.

ಸೇತುವೆಯ ತುದಿಯಲ್ಲಿ ಕಾರಿಡಾರ್ ಚಾಕುವಿನಿಂದ ಕತ್ತರಿಸಿದ ಹಾಗೆ ನಿಂತಿತ್ತು. ಛೇದಗಳು ನಡುಗೆರೆಗೆ ಅಡ್ಡಲಾಗಿಯೇ ಇರುತ್ತವೆ; ಏರಿಯ ಮುಂಭಾಗ ಹೊಳೆಯ ಕಡೆಗೆ ಇಳಿಯುವುದೂ, ಮೂಲೆಯಲ್ಲಿ ಶಂಕುವಿನಂತೆ ಸುತ್ತಿಕೊಳ್ಳುವುದೂ ಯಾವ ಛೇದಕ್ಕೂ ಸಿಗುವುದಿಲ್ಲ. ಆ ಭಾಗವನ್ನು ಸಾಫ್ಟ್‌ವೇರಿನದೇ ಆದ ಗ್ರೇಡಿಂಗ್ ಉಪಕರಣದಿಂದ ಬೇರೆಯಾಗಿ ಮಾಡಿ ಅಂಟಿಸಬೇಕು. ಹಿಂದಿನವರು ಬಿಟ್ಟುಬಿಟ್ಟಿದ್ದರು. ಎತ್ತರ 7, ಇಳಿಜಾರು 1:2 ಆದರೆ ಮೂಲೆಯ ಕಾಲು ಶಂಕುವಿನ ತ್ರಿಜ್ಯ 14 ಮೀಟರ್, ಮಣ್ಣು 359 ಘನಮೀಟರ್. ನಾಲ್ಕು ಮೂಲೆಗೆ 1,437. ಎರಡು ತುದಿಗಳ ಮುಂಭಾಗದ ಇಳಿಜಾರು ತಲಾ 588. ಒಟ್ಟು 2,600 ಘನಮೀಟರಿಗೂ ಹೆಚ್ಚು ಮಣ್ಣು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಒಪ್ಪಿಸುವ ಮೊದಲು

ಹೊಸ ಮಾದರಿಯನ್ನು ಮೂರು ಬಗೆಯಲ್ಲಿ ಪರೀಕ್ಷಿಸಿದೆವು. ಮುಗಿದ ಏರಿಯ ಮೇಲ್ಮೈಗೆ 25 ಸೆಂಟಿಮೀಟರ್ ಅಂತರದ ಸಮೋನ್ನತ ರೇಖೆಗಳನ್ನು ಎಳೆಸಿದೆ. ಏರಿ ಸರಿಯಾಗಿದ್ದರೆ ಅವು ಬಾಚಿದ ಕೂದಲಿನಂತೆ ಒಟ್ಟಿಗೆ ಹೋಗುತ್ತವೆ, ಎಲ್ಲಾದರೂ ಸಿಕ್ಕು ಕಂಡರೆ ಅಲ್ಲಿ ಏನೋ ಜಿಗಿದಿದೆ ಎಂದರ್ಥ. ಎರಡನೆಯದು, ಬರೀ ಬುಡದ ದೂರವನ್ನು ಚೈನೇಜಿನ ಎದುರು ಒಂದು ಗ್ರಾಫಿನಲ್ಲಿ ಹಾಕಿದ್ದು. ಈ ಎರಡನೆಯದನ್ನು ಮೊದಲ ದಿನವೇ ಮಾಡಿದ್ದರೆ ನಕ್ಷೆ ಹಿಂದೆ ಬರುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ. ಮೂರನೆಯದು, ನಾಲ್ಕು ಛೇದಗಳನ್ನು ಕಾಗದದ ಮೇಲೆ ಕೈಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿದ್ದು.

ತಾಳೆ ನೋಡುವಾಗ 1:4 ಇದ್ದ ಕಡೆಯೆಲ್ಲ ಬುಡ 60 ಸೆಂಟಿಮೀಟರ್ ಹೊರಗೆ ಬಂತು. ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ. ಇಳಿಜಾರಿಗೆ ಗುರಿಯಾಗಿ ಕೊಟ್ಟಿದ್ದ ಮೇಲ್ಮೈ ಮೂಲ ನೆಲವಲ್ಲ, 15 ಸೆಂಟಿಮೀಟರ್ ಮೇಲ್ಮಣ್ಣು ತೆಗೆದ ನಂತರದ ನೆಲ. 1:4 ಇಳಿಜಾರಿನಲ್ಲಿ ಅದು ನಾಲ್ಕು ಪಟ್ಟಾಗುತ್ತದೆ. ಮಣ್ಣಿನ ಲೆಕ್ಕಕ್ಕೆ ತೆಗೆದ ನೆಲವೇ ಬೇಕು, 36 ಮೀಟರ್ ಅಗಲದ ಬುಡಕ್ಕೆ ಮೀಟರಿಗೆ 5.4 ಘನಮೀಟರ್ ವ್ಯತ್ಯಾಸ ಬರುತ್ತದೆ. ಗಡಿಕಲ್ಲಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಬುಡ, ಅದು ಮೂಲ ನೆಲದ ಮೇಲಿನದು. ಎರಡು ಗೆರೆಗಳನ್ನು ಎರಡು ಹೆಸರಿನಿಂದ ಬೇರೆಬೇರೆ ತೆಗೆದೆವು.

ಭೂಸ್ವಾಧೀನದವರಿಗೆ ಹೊಸ ನಕ್ಷೆ ಹೋಯಿತು, ಈ ಸಲ ಹಿಂದೆ ಬರಲಿಲ್ಲ. ಹಿಂದೆ ಬಂದದ್ದು ಇನ್ನೊಂದು. 480ರಲ್ಲಿ ಒಂದು ಪೈಪ್ ಮೋರಿ ಇತ್ತು. ಅದರ ಉದ್ದವನ್ನು ಹಳೆಯ ಮಾದರಿಯ ಅದೇ ಛೇದದಿಂದ ತೆಗೆದಿದ್ದರು, ಹಲ್ಲು ಒಳಕ್ಕೆ ಹೋಗಿದ್ದ ಕಡೆ: ನೆತ್ತಿಯ 12 ಮೀಟರ್, ಎರಡೂ ಬದಿಗೆ 6.16, ಒಟ್ಟು 24.3 ಮೀಟರ್. ಎರಡೂವರೆ ಮೀಟರ್ ಉದ್ದದ ಹತ್ತು ಪೈಪುಗಳಿಗೆ ಪಟ್ಟಿ ಹೋಗಿಯಾಗಿತ್ತು. 1:4 ಇಳಿಜಾರಿನಲ್ಲಿ ಅದು 36.6 ಮೀಟರ್, ಹದಿನೈದು ಪೈಪು. ಇನ್ನೈದು ಪೈಪು ಬೇಕೆಂದು ಕಾರಣದ ಸಮೇತ ಪತ್ರ ಬರೆದೆ. ಅದಕ್ಕೂ ಸಹಿ ನನ್ನದೇ.